ಹಂಚಿನ ಮಾಡು ಬೆಚ್ಚಗಿರಬೇಕಾ? ಮೇಲಿಂದ ಶುರು ಮಾಡಿ

ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆಯ ಹಳೇ ಮನೆಗಳಲ್ಲಿ ಮಲಗುವ ಕೋಣೆಗೆ ಮರದ ಮುಚ್ಚಿಗೆ, ಅದರ ಮೇಲೆ ಮಣ್ಣು, ಆಮೇಲೆ ಅಟ್ಟ, ಎಲ್ಲಕ್ಕಿಂತ ಮೇಲೆ ಹಂಚು. ಚಳಿ ಕೆಳಗಿಳಿಯುವಷ್ಟರಲ್ಲಿ ಬೆಳಗಾಗುತ್ತಿತ್ತು. ಈಗಿನ ಹೋಂಸ್ಟೇಗಳಲ್ಲಿ ಅಟ್ಟವೇ ಇಲ್ಲ. ತಲೆ ಎತ್ತಿದರೆ ಪಕಾಸು (ಮಾಡು ಹೊರುವ ಇಳಿಜಾರು ಮರ), ರೀಪು (ಹಂಚು ಕೂರುವ ಅಡ್ಡಪಟ್ಟಿ) ಕಾಣಬೇಕು, ಫೋಟೊ ಚೆನ್ನಾಗಿ ಬರಬೇಕು. ಡಿಸೆಂಬರ್ ರಾತ್ರಿ ಹೀಟರ್ ಹಾಕಿದರೆ ಬಿಸಿಗಾಳಿ ಹಂಚಿನ ಸಂದಿಯಲ್ಲಿ ಆಚೆ ಹೋಗುತ್ತದೆ, ಕರೆಂಟ್ ಬಿಲ್ ಮಾತ್ರ ನಮಗೆ.

ಪಕಾಸೂ ಕಾಣಬೇಕು, ಬೆಚ್ಚಗೂ ಇರಬೇಕು ಅಂದರೆ ಹಂಚು ಇಳಿಸಿ ಮೇಲಿಂದಲೇ ಇನ್ಸುಲೇಷನ್ ಹಾಕಬೇಕು. ಹಿಮ ಬೀಳುವ ದೇಶಗಳಲ್ಲಿ ಹೀಗೇ ಮಾಡುತ್ತಾರೆ. ಅಲ್ಲಿ ಮಾಡಿನ ಮೇಲಿನ ಹಿಮ ಕರಗಿ, ಸೂರಿನ ಹತ್ತಿರ ಮತ್ತೆ ಹೆಪ್ಪುಗಟ್ಟಿ, ನೀರು ಒಳಕ್ಕೆ ನುಗ್ಗುವ ಕಾಟ ಇದೆ, ಅದಕ್ಕೇ ದಪ್ಪ ಜಾಸ್ತಿ. ನಮಗೆ ಅಷ್ಟು ಬೇಡ. 50 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಶೀಟು (ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಗಟ್ಟಿ ಹಾಳೆ) ಹೆಚ್ಚುಕಡಿಮೆ 8 ಇಂಚು ಮರದಷ್ಟು ಚಳಿ ತಡೆಯುತ್ತದೆ. ಸಾಕಲ್ವಾ?

ಕಾಫಿ ಕೊಯ್ಲಿನಲ್ಲಿ ಆಳು ಸಿಗುವುದಿಲ್ಲ. ಕೊಯ್ಲು ಮುಗಿದು ಹೂ ಮಳೆ ಬರುವುದರೊಳಗೆ ಕೆಲಸ ಮುಗಿಸಿ. ಒಂದೊಂದೇ ಪಕ್ಕದ ಹಂಚು ಇಳಿಸಿ, ಟಾರ್ಪಾಲ್ ಕೈಗೆ ಸಿಗುವಂತಿರಲಿ. ಹಳೇ ರೀಪು ಕೀಳುವ ಮೊದಲು ಅದರ ಅಂತರ ಅಳೆದು ಬರೆದಿಡಿ. ಗೆದ್ದಲು ತಿಂದ ಪಕಾಸು ಬದಲಿಸುವುದೂ ಈಗಲೇ.

ಪಕಾಸಿನ ಮೇಲೆ ಹಲಗೆ ಅಥವಾ 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಹೊಡೆಯಿರಿ. ಕೆಳಗಿಂದ ಕಾಣುವುದು ಇದೇ, ಪಾಲಿಶ್ ಮೊದಲೇ ಮಾಡಿಸಿದರೆ ಕುತ್ತಿಗೆ ಉಳಿಯುತ್ತದೆ.

ಇನ್ನು ಮುಖ್ಯವಾದದ್ದು. ಹಲಗೆಯ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಒಂದರ ಮೇಲೊಂದು ಅರ್ಧ ಅಡಿ ಬರಲಿ, ಪ್ರತಿ ಜೋಡಣೆಗೂ ಟೇಪ್ ಹಾಕಿ, ಗೋಡೆ ಸೇರುವ ಕಡೆ ಸೀಲಂಟ್ ತುಂಬಿ. ಇಲ್ಲಿ ಸೋಮಾರಿತನ ಮಾಡಿದರೆ ಮೇಲೆ ಎಷ್ಟು ದಪ್ಪ ಫೋಮ್ ಹಾಕಿದರೂ ದಂಡ. ಜನವರಿ ಬೆಳಿಗ್ಗೆ, ಮಳೆಯೇ ಇಲ್ಲದಿದ್ದರೂ, ತಗಡಿನ ಮಾಡಿನ ಒಳಗಡೆ ಸ್ಕ್ರೂ ತುದಿಗಳಲ್ಲಿ ಸಾಲಾಗಿ ನೀರಹನಿ ನೇತಾಡುವುದನ್ನು ನೋಡಿರಬಹುದು. ಅದು ಸೋರಿಕೆ ಅಲ್ಲ. ಅನ್ನದ ಹಬೆ, ಬಚ್ಚಲಿನ ಹಬೆ, ನಮ್ಮ ಉಸಿರು, ಎಲ್ಲ ಮೇಲೇರಿ ತಣ್ಣನೆ ತಗಡಿಗೆ ತಾಗಿ ನೀರಾಗಿರುತ್ತದೆ. ಸಂದಿ ಬಿಟ್ಟರೆ ಇದೇ ನೀರು ಫೋಮ್ ಆಚೆ ಕಣ್ಣಿಗೆ ಕಾಣದ ಜಾಗದಲ್ಲಿ ಸೇರಿ ಮರ ಕೊಳೆಸುತ್ತದೆ.

ಈಗ ಫೋಮ್. 50 ಮಿ.ಮೀ.ನ ಒಂದೇ ಶೀಟಿನ ಬದಲು 25ರ ಎರಡು ಪದರ ಹಾಕಿ, ಕೆಳಗಿನ ಜೋಡಣೆಯ ಮೇಲೆ ಮೇಲಿನ ಜೋಡಣೆ ಬರಬಾರದು. ಸಂದಿಗೆ ಸ್ಪ್ರೇ ಫೋಮ್. ಶೀಟು ಜಾರದಂತೆ ಕೆಳತುದಿಗೆ ಒಂದು ಮರದ ಪಟ್ಟಿ ಕೊಡಿ. ಗೋಡೆಯಾಚೆ ಸೂರಿಗೆ ಫೋಮ್ ಬೇಕಿಲ್ಲ, ಸುಮ್ನೆ ಖರ್ಚು.

ಅದರ ಮೇಲೆ ಆವಿ ಹೊರಬಿಡುವ, ನೀರು ಒಳಬಿಡದ ಮೆಂಬ್ರೇನ್. ಸೂರಿನಿಂದ ಮೇಲಕ್ಕೆ ಹಾಸುತ್ತಾ ಹೋಗಿ. ಮಂಗ ಹಾರಿ ಹಂಚು ಒಡೆದ ದಿನ ಕಾಪಾಡುವುದು ಇದೇ, ಅದಕ್ಕೇ ಅಗ್ಗದ್ದು ತರಬೇಡಿ.

ಮೆಂಬ್ರೇನ್ ಮೇಲೆ, ಪಕಾಸಿನ ನೇರಕ್ಕೇ, ಒಂದಿಂಚು ದಪ್ಪದ ಪಟ್ಟಿ ಇಟ್ಟು ಉದ್ದ ಸ್ಕ್ರೂ ಹೊಡೆಯಿರಿ. ಪಟ್ಟಿ, ಫೋಮ್, ಪ್ಲೈವುಡ್ ದಾಟಿ ಪಕಾಸಿನೊಳಗೆ ಒಂದೂವರೆ ಇಂಚಾದರೂ ಇಳಿಯಬೇಕು, ಅಂದರೆ 130 ಮಿ.ಮೀ.ಗೆ ಕಡಿಮೆ ಬೇಡ. ಪಟ್ಟಿಗೆ ಅಡ್ಡವಾಗಿ ರೀಪು, ರೀಪಿನ ಮೇಲೆ ಹಂಚು. ನಡುವಿನ ಸಂದಿಯಲ್ಲಿ ಸೂರಿನಿಂದ ನೆತ್ತಿಯವರೆಗೆ ಗಾಳಿ ಓಡಾಡಬೇಕು, ಒದ್ದೆ ಹಂಚು ಒಣಗುವುದು ಅದರಿಂದಲೇ. ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಸೂರಿನ ತೂತಿಗೆ ಮೆಶ್ ಹೊಡೆಯಿರಿ, ಇಲ್ಲದಿದ್ದರೆ ಇಲಿ, ಇರುವೆ ಫೋಮಿನಲ್ಲೇ ಸಂಸಾರ ಹೂಡುತ್ತವೆ.

ಮಾಡು ಮೂರೂವರೆ ನಾಲ್ಕು ಇಂಚು ಮೇಲೇಳುತ್ತದೆ, ನೀರಿನ ದಂಬೆಯನ್ನೂ ಎತ್ತರಿಸಬೇಕು. ಸೌದೆ ಒಲೆಯ ಹೊಗೆ ಕೊಳವೆ ಮಾಡು ದಾಟುವಲ್ಲಿ ಫೋಮನ್ನೂ ಮರವನ್ನೂ ದೂರ ಕತ್ತರಿಸಿ ಬೆಂಕಿ ಹತ್ತದ ಕಲ್ಲಿನ ನಾರು, ಅಂದರೆ ರಾಕ್‌ವುಲ್ ತುಂಬಿಸಿ. ಫೋಮ್ ಬೆಂಕಿ ಹತ್ತಿ ಉರಿಯುವ ವಸ್ತು.