ಕೆಲಸಗಾರರಿಗೆ ಆರೋಗ್ಯ ವಿಮೆ ಕೊಡಿಸುವ ಸಣ್ಣ ವ್ಯಾಪಾರಿಗೆ ಅಮೆರಿಕದ ತೆರಿಗೆ ಕ್ರೆಡಿಟ್: ಲೆಕ್ಕ ಹಾಕುವ ಬಗೆ

ಅಮೆರಿಕದಲ್ಲಿ ಹೋಟೆಲ್, ಕಿರಾಣಿ ಅಂಗಡಿ, ಡೇಕೇರ್ ನಡೆಸುವ ನಮ್ಮವರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನನ್ನ ಕಚೇರಿ ಇದೆ. ಹೊಸದಾಗಿ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಕೆಲಸಗಾರರಿಗೆ ಆರೋಗ್ಯ ವಿಮೆ ಮಾಡಿಸಿದ್ದೀರಾ ಎಂಬುದು. "ಅದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ನಮ್ಮ ಕೈಲಿ ಎಲ್ಲಾಗುತ್ತದೆ ಮೇಡಂ" ಎನ್ನುವವರೇ ಹೆಚ್ಚು. 50 ಪೂರ್ಣಾವಧಿ ನೌಕರರಿಗಿಂತ ಕಡಿಮೆ ಇರುವ ಸಂಸ್ಥೆಯ ಮೇಲೆ ಕಾನೂನಿನ ಒತ್ತಾಯ ಇಲ್ಲ, ನಿಜ. ಆದರೆ ದಿನವಿಡೀ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊರಿನಿಂದ ತರಿಸಿಕೊಂಡು ನುಂಗುತ್ತಾ, ಇಲ್ಲಿನ ವೈದ್ಯರ ಮುಖವನ್ನೇ ನೋಡದೆ ವರ್ಷಗಟ್ಟಲೆ ಇರುವುದನ್ನು ನಾನು ಬಲ್ಲೆ. ಅವರ ವಿಮೆಯ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಹೊರುತ್ತದೆ ಎಂದು ಮಾಲೀಕರಿಗೆ ಗೊತ್ತಿಲ್ಲದಿರುವುದು ನನಗೆ ಸಂಕಟದ ವಿಷಯ. ಅದಕ್ಕಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಎಂಬ ಆರೋಗ್ಯ ವಿಮಾ ಕಾನೂನು ಈ ಕ್ರೆಡಿಟ್ಟನ್ನು ತಂದಿತು. ಮೊದಲ ನಾಲ್ಕು ವರ್ಷ, ಮಾಲೀಕರು ಕಟ್ಟಿದ ಪ್ರೀಮಿಯಂನ ಶೇ. 35ರವರೆಗೆ ಸಿಗುತ್ತಿತ್ತು. 2014ರಿಂದ ಅದು ಶೇ. 50ಕ್ಕೆ ಏರಿದೆ. ಇದು ಆದಾಯದಲ್ಲಿ ಕಳೆಯುವ ಖರ್ಚಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ಕಳೆಯುವ ಮೊತ್ತ. ಹೀಗಿದ್ದೂ 2010ರಲ್ಲಿ ಇದನ್ನು ಪಡೆದವರು 1,70,300 ಉದ್ಯೋಗದಾತರು ಮಾತ್ರ. ಅರ್ಹರು 14 ಲಕ್ಷದಿಂದ 40 ಲಕ್ಷದವರೆಗೆ ಇರಬಹುದೆಂಬ ಅಂದಾಜಿತ್ತು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ 2012ರ ವರದಿಯಲ್ಲಿ ಹೇಳಿದ ಅಂಕಿ ಇದು. ಲೆಕ್ಕ ತೊಡಕಿನದು ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ತೊಡಕಿನದು ಹೌದು. ಆದರೆ ವಿಮೆ ಕೊಳ್ಳುವ ಮೊದಲೇ ಕೂತು ಲೆಕ್ಕ ಹಾಕಿದರೆ ಬಿಡಿಸಲಾಗದ ತೊಡಕೇನೂ ಇಲ್ಲ.

ಮೊದಲು ಕೆಲಸಗಾರರ ಪಟ್ಟಿ ಮಾಡಿ. ಅದರಿಂದ ನಿಮ್ಮ ಹೆಸರನ್ನು, ಹೆಂಡತಿ ಅಥವಾ ಗಂಡನ ಹೆಸರನ್ನು ತೆಗೆದುಬಿಡಿ. ಪಾಲುದಾರರು, ಲಾಭದ ತೆರಿಗೆಯನ್ನು ಷೇರುದಾರರೇ ಕಟ್ಟುವ ಬಗೆಯ ಕಂಪನಿಯಾದ ಎಸ್ ಕಾರ್ಪೊರೇಷನ್‌ನಲ್ಲಿ ಶೇ. 2ಕ್ಕಿಂತ ಹೆಚ್ಚು ಷೇರು ಇರುವವರು ಕೂಡ ಎಣಿಕೆಗೆ ಬರುವುದಿಲ್ಲ. ನಮ್ಮವರು ಎಡವುವುದು ಇದರ ಮುಂದಿನ ಹಂತದಲ್ಲಿ. ಮಾಲೀಕರ ಮಕ್ಕಳು, ಮೊಮ್ಮಕ್ಕಳು, ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಅವರ ಮಕ್ಕಳು, ಅಳಿಯ, ಸೊಸೆ, ಅತ್ತೆ ಮಾವ, ಭಾವಮೈದುನ, ನಾದಿನಿ, ಚಿಕ್ಕಪ್ಪ, ಸೋದರಮಾವ ಇವರೆಲ್ಲರೂ ಹೊರಗೆ. ಅವರ ಗಂಟೆಗಳೂ ಸಂಬಳವೂ ಅವರಿಗಾಗಿ ಕಟ್ಟಿದ ಪ್ರೀಮಿಯಂ ಕೂಡ ಲೆಕ್ಕಕ್ಕಿಲ್ಲ. ಅಕ್ಕನ ಮಗನನ್ನು ಮ್ಯಾನೇಜರ್ ಮಾಡಿಕೊಂಡಿದ್ದರೆ ಅವನು ಬರುವುದಿಲ್ಲ. ಚಿಕ್ಕಪ್ಪನ ಮಗ ನಿಮ್ಮ ಮನೆಯಲ್ಲಿ ನಿಮ್ಮ ಅವಲಂಬಿತನಾಗಿ ಇಲ್ಲದಿದ್ದರೆ ಬರುತ್ತಾನೆ. ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಮನೆಯ ಹುಡುಗರು, ತೆರಿಗೆ ಕಾನೂನಿನ ಕಣ್ಣಿಗೆ ಹಾಗಲ್ಲ. 1099 ಎಂಬ ಆದಾಯ ಪತ್ರ ಕೊಟ್ಟು ಗುತ್ತಿಗೆಯಲ್ಲಿ ಕೆಲಸ ಮಾಡಿಸಿಕೊಳ್ಳುವವರೂ ನೌಕರರಲ್ಲ. ಇನ್ನೊಂದು ಮಾತು: ಎರಡು ಹೋಟೆಲ್ ಮತ್ತು ಒಂದು ಅಂಗಡಿ ಒಬ್ಬರದೇ ಒಡೆತನದಲ್ಲಿದ್ದರೆ, ಪ್ರತ್ಯೇಕ ಸೀಮಿತ ಹೊಣೆಗಾರಿಕೆಯ ಸಂಸ್ಥೆ, ಅಂದರೆ ಎಲ್‌ಎಲ್‌ಸಿ ಮಾಡಿದ್ದರೂ ಮೂರನ್ನೂ ಒಟ್ಟಿಗೆ ಎಣಿಸಬೇಕು.

ಉಳಿದವರ ಗಂಟೆಗಳನ್ನು ಕೂಡಿ 2,080ರಿಂದ ಭಾಗಿಸಿ. ವಾರಕ್ಕೆ 40ರಂತೆ 52 ವಾರಕ್ಕೆ 2,080 ಗಂಟೆ. ಇದಕ್ಕಿಂತ ಹೆಚ್ಚು ದುಡಿದವರದ್ದೂ 2,080 ಎಂದೇ ಹಿಡಿಯಬೇಕು. ಸಂಬಳ ಸಹಿತ ರಜೆಯ ಗಂಟೆಗಳೂ ಸೇರುತ್ತವೆ. ವರ್ಷಕ್ಕೆ 120 ದಿನಕ್ಕಿಂತ ಹೆಚ್ಚು ಕೆಲಸ ಮಾಡದ ಹಂಗಾಮಿ ಕೆಲಸಗಾರರನ್ನು ಬಿಡಬಹುದು. ಬಂದ ಉತ್ತರದಲ್ಲಿ ದಶಾಂಶವನ್ನು ಕೈಬಿಟ್ಟರೆ ಸಿಗುವುದೇ ಪೂರ್ಣಾವಧಿ ಸಮಾನ ಸಂಖ್ಯೆ. ಅದು 25ಕ್ಕಿಂತ ಕಡಿಮೆ ಇರಬೇಕು. 10ರೊಳಗಿದ್ದರೆ ಈ ಬಾಬ್ತಿನಲ್ಲಿ ಕಡಿತವೇ ಇಲ್ಲ. ತಲೆ ಎಣಿಸಿದರೆ 30 ಮಂದಿ ಇದ್ದರೂ ಅರೆಕಾಲಿಕರೇ ಹೆಚ್ಚಿರುವ ಕಡೆ ಈ ಸಂಖ್ಯೆ 25ರ ಕೆಳಗೆ ಇಳಿಯುತ್ತದೆ.

ನಂತರ ಸರಾಸರಿ ವೇತನ. ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಗೆ ಒಳಪಡುವ ಒಟ್ಟು ಸಂಬಳವನ್ನು ಆ ಸಂಖ್ಯೆಯಿಂದ ಭಾಗಿಸಿ, ಸಾವಿರಕ್ಕೆ ಕೆಳಗಿಳಿಸಿ. 2024ರ ತೆರಿಗೆ ವರ್ಷಕ್ಕೆ ಇದು 32,400 ಡಾಲರ್ ಒಳಗಿದ್ದರೆ ಪೂರ್ತಿ ಕ್ರೆಡಿಟ್. ಅದರ ಎರಡರಷ್ಟನ್ನು, ಅಂದರೆ 64,800 ಡಾಲರನ್ನು ಮೀರಿದರೆ ಏನೂ ಇಲ್ಲ. ನಡುವೆ ಇದ್ದರೆ ಪ್ರಮಾಣಾನುಸಾರ ಕಡಿತ. 2014ರಲ್ಲಿ ಈ ಮಿತಿ 25,400 ಡಾಲರ್ ಇತ್ತು. ಬೆಲೆಯೇರಿಕೆಗೆ ತಕ್ಕಂತೆ ಬದಲಾಗುವುದರಿಂದ ಈ ಕ್ರೆಡಿಟ್ ಕೇಳಲು ತುಂಬುವ ಫಾರ್ಮ್ 8941ರ ಆಯಾ ವರ್ಷದ ಸೂಚನಾ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. 2024ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್. ವರ್ಷಕ್ಕೆ 33,280 ಡಾಲರ್ ಆಯಿತು. ಕನಿಷ್ಠ ಕೂಲಿ ಕೊಟ್ಟರೂ ಇಲ್ಲಿ ಪೂರ್ತಿ ಕ್ರೆಡಿಟ್ ಸಿಗದು, ಸ್ವಲ್ಪ ಕಡಿತವಾಗುತ್ತದೆ. ಈ ನಿಯಮ ಅನ್ಯಾಯದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ದುಬಾರಿ ರಾಜ್ಯಗಳಿಗೆ ಬೇರೆ ಮಿತಿ ಇರಬೇಕಿತ್ತು.

ಒಂದು ಹೋಟೆಲಿನ ಲೆಕ್ಕ ಮಾಡಿಯೇ ನೋಡೋಣ. ಪೂರ್ಣಾವಧಿಯ ಮೂವರು ಅಡುಗೆಯವರು, ತಲಾ 2,080 ಗಂಟೆ. ಸಪ್ಲೈ ಮತ್ತು ಕೌಂಟರ್‌ನಲ್ಲಿ ಇಬ್ಬರು, ಒಬ್ಬರದು 2,080, ಇನ್ನೊಬ್ಬರದು 1,900. ಕಾಲೇಜಿನ ಎಂಟು ಹುಡುಗ ಹುಡುಗಿಯರು, ತಲಾ 800. ಒಟ್ಟು 16,620 ಗಂಟೆ. 2,080ರಿಂದ ಭಾಗಿಸಿದರೆ 7.99. ದಶಾಂಶ ಬಿಟ್ಟರೆ 7! ಒಟ್ಟು ಸಂಬಳ 3,10,000 ಡಾಲರ್ ಎಂದಿಟ್ಟುಕೊಂಡರೆ ಸರಾಸರಿ 44,000 ಆಗುತ್ತದೆ. 32,400ಕ್ಕಿಂತ 11,600 ಹೆಚ್ಚು, ಆದ್ದರಿಂದ ಕಡಿತ ಶೇ. 35.8. ಎಣಿಕೆ 8 ಆಗಿದ್ದರೆ ಸರಾಸರಿ 38,000ಕ್ಕೆ ಇಳಿದು ಕಡಿತ ಶೇ. 17.3 ಮಾತ್ರ ಆಗುತ್ತಿತ್ತು. ಕೊರತೆ ಬಿದ್ದದ್ದು ಬರೀ 20 ಗಂಟೆ.

ಇಲ್ಲಿ ಕಾನೂನೇ ಒಂದು ದಾರಿ ಕೊಟ್ಟಿದೆ, ಬಹಳ ಮಂದಿ ಅದನ್ನು ಬಳಸುವುದಿಲ್ಲ. ಗಂಟೆ ಎಣಿಸಲು ಮೂರು ವಿಧಾನಗಳಿವೆ. ನಿಜವಾಗಿ ದುಡಿದ ಗಂಟೆ ಒಂದು. ದುಡಿದ ದಿನಕ್ಕೆ 8 ಗಂಟೆ ಎಂದು ಹಿಡಿಯುವುದು ಎರಡು. ಕನಿಷ್ಠ ಒಂದು ಗಂಟೆಯ ಸಂಬಳ ಬಂದ ವಾರಕ್ಕೆ 40 ಗಂಟೆ ಎಂದು ಹಿಡಿಯುವುದು ಮೂರು. ವರ್ಗೀಕರಣ ಸಕಾರಣವಾಗಿದ್ದು ಏಕರೀತಿ ಪಾಲಿಸಿದರೆ ಬೇರೆ ಬೇರೆ ವರ್ಗದ ಕೆಲಸಗಾರರಿಗೆ ಬೇರೆ ಬೇರೆ ವಿಧಾನ ಬಳಸಲು ಅವಕಾಶವಿದೆ. ಪೂರ್ಣಾವಧಿಯವರಿಗೆ ವಾರದ ವಿಧಾನ, ಅರೆಕಾಲಿಕರಿಗೆ ನಿಜವಾದ ಗಂಟೆ ಎಂದಿಟ್ಟರೆ, ವರ್ಷದ ಎಲ್ಲ ವಾರವೂ ಕೆಲಸಕ್ಕೆ ಬಂದ ಕೌಂಟರಿನವರ 1,900 ಗಂಟೆ 2,080 ಆಗುತ್ತದೆ. ಒಟ್ಟು 16,800, ಎಣಿಕೆ 8. ಐವರ ವಿಮೆಗೆ ಮಾಲೀಕರು ತಲಾ ತಿಂಗಳಿಗೆ 280 ಡಾಲರ್ ಕಟ್ಟುತ್ತಿದ್ದರೆ ವರ್ಷಕ್ಕೆ 16,800; ಅದರ ಅರ್ಧ 8,400. ಎಣಿಕೆ 7 ಆದಾಗ ಕಡಿತ ಹೋಗಿ 5,393 ಡಾಲರ್ ಕೈಗೆ ಬರುತ್ತದೆ, 8 ಆದಾಗ 6,947. ಒಂದು ವಿಧಾನದ ಆಯ್ಕೆಯಿಂದ 1,500 ಡಾಲರಿಗೂ ಹೆಚ್ಚಿನ ವ್ಯತ್ಯಾಸ, ಅದೂ ಪೂರ್ತಿ ಕಾನೂನಿನೊಳಗೆ. ಹಾಗಾಗಿ ಮೂರೂ ವಿಧಾನದಲ್ಲಿ ಲೆಕ್ಕ ಹಾಕದೆ ಫಾರ್ಮಿಗೆ ಕೈ ಹಚ್ಚಬೇಡಿ.

ವಿಮೆಯ ಷರತ್ತುಗಳಿಗೆ ಬರೋಣ. ಕುಟುಂಬವನ್ನು ಬಿಟ್ಟು ನೌಕರರ ಒಬ್ಬರದೇ ವಿಮೆಯ ಪ್ರೀಮಿಯಂನಲ್ಲಿ ಕನಿಷ್ಠ ಅರ್ಧವನ್ನು ನೀವು ಕಟ್ಟಬೇಕು, ಮತ್ತು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಟ್ಟಬೇಕು. ಮುಖ್ಯ ಅಡುಗೆಯವರಿಗೆ ಶೇ. 80, ಪಾತ್ರೆ ತೊಳೆಯುವವರಿಗೆ ಶೇ. 30 ಎಂದರೆ ನಡೆಯುವುದಿಲ್ಲ. ಈ ಕಾನೂನಿನಲ್ಲಿ ನನಗೆ ಬಹಳ ಮೆಚ್ಚಿನ ಅಂಶ ಇದು. ಕೆಲಸಗಾರರ ಸಂಬಳದಿಂದ ತೆರಿಗೆಗೆ ಮೊದಲು ಹಿಡಿದ ಹಣ ನಿಮ್ಮ ಪಾಲಲ್ಲ. ಚಿಕಿತ್ಸೆಯ ಖರ್ಚಿಗೆಂದು ಇರುವ ಎಚ್‌ಎಸ್‌ಎ, ಎಚ್‌ಆರ್‌ಎ ಖಾತೆಗಳಿಗೆ ಹಾಕಿದ್ದೂ ಲೆಕ್ಕಕ್ಕಿಲ್ಲ. ದುಬಾರಿ ಪ್ಲಾನ್ ಕೊಂಡರೆ ನಿಮ್ಮ ಕೌಂಟಿಯ ಸರಾಸರಿ ಪ್ರೀಮಿಯಂವರೆಗೆ ಮಾತ್ರ ಪರಿಗಣಿಸುತ್ತಾರೆ. ಆ ಪಟ್ಟಿ ಸೂಚನಾ ಪುಸ್ತಿಕೆಯಲ್ಲೇ ಇರುತ್ತದೆ.

ಪ್ಲಾನ್ ಎಲ್ಲಿಂದ ಕೊಂಡಿರಿ ಎಂಬುದೂ ಮುಖ್ಯ. ಶಾಪ್ ಎಂದು ಕರೆಯುವ ಸಣ್ಣ ವ್ಯಾಪಾರಗಳ ವಿಮಾ ಮಾರುಕಟ್ಟೆಯ ಮೂಲಕವೇ ಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕವರ್ಡ್ ಕ್ಯಾಲಿಫೋರ್ನಿಯಾ ಫಾರ್ ಸ್ಮಾಲ್ ಬಿಸಿನೆಸ್ ಎಂದು ಹೆಸರು. ನ್ಯೂಯಾರ್ಕ್, ಮ್ಯಾಸಚುಸೆಟ್ಸ್, ವಾಷಿಂಗ್ಟನ್ ಡಿಸಿಗಳಿಗೂ ತಮ್ಮದೇ ಮಾರುಕಟ್ಟೆಗಳಿವೆ. ಹೆಲ್ತ್‌ಕೇರ್ ಡಾಟ್ ಗವ್ ಬಳಸುವ ರಾಜ್ಯಗಳಲ್ಲಿ ಅಲ್ಲಿ ಅರ್ಹತೆಯ ನಿರ್ಧಾರ ಪಡೆದು, ವಿಮಾ ಕಂಪನಿಯಿಂದ ಅಥವಾ ಶಾಪ್ ನೋಂದಣಿ ಇರುವ ಏಜೆಂಟರಿಂದ ಕೊಳ್ಳಬೇಕು. ಹಲವು ಕೌಂಟಿಗಳಲ್ಲಿ ಶಾಪ್ ಪ್ಲಾನೇ ಇರುವುದಿಲ್ಲ, ಸಹಿ ಹಾಕುವ ಮೊದಲು ಇದನ್ನು ವಿಚಾರಿಸಿ. ಅದೇ ಕಂಪನಿಯ ಅದೇ ರೀತಿಯ ಪ್ಲಾನನ್ನು ಶಾಪ್ ಹೊರಗಿನಿಂದ ಕೊಂಡವರು ಕ್ರೆಡಿಟ್ ಕಳೆದುಕೊಳ್ಳುತ್ತಾರೆ. ಇಷ್ಟು ಮಂದಿ ಸೇರಲೇಬೇಕು ಎಂಬ ವಿಮಾ ಕಂಪನಿಯ ಷರತ್ತು ನಿಮಗೆ ಅಡ್ಡಬಂದರೆ, ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ಅರ್ಜಿ ಹಾಕಿ. ಆ ಒಂದು ತಿಂಗಳು ಆ ಷರತ್ತನ್ನು ಮುಂದಿಟ್ಟು ನಿರಾಕರಿಸುವಂತಿಲ್ಲ. ಕ್ರೆಡಿಟ್ಟಿಗೆ ಬೇಕಾದ ಅರ್ಧ ಪ್ರೀಮಿಯಂ ನಿಯಮ ಆಗಲೂ ಇದ್ದೇ ಇರುತ್ತದೆ.

ಈಗ ಅತಿ ಮುಖ್ಯವಾದ ಮಾತು. ಈ ಕ್ರೆಡಿಟ್ ಸಿಗುವುದು ಬೆನ್ನುಬೆನ್ನಿಗೆ ಎರಡು ತೆರಿಗೆ ವರ್ಷ ಮಾತ್ರ. ಆ ಎರಡು ವರ್ಷದ ಅವಧಿ ಶುರುವಾಗುವುದು ಫಾರ್ಮ್ 8941 ಲಗತ್ತಿಸಿ ತೆರಿಗೆ ವಿವರ ಸಲ್ಲಿಸಿದ ಮೊದಲ ವರ್ಷದಿಂದ. ಅಂದರೆ ಯಾವಾಗ ಶುರು ಎಂಬ ಆಯ್ಕೆ ನಿಮ್ಮದು. ನನ್ನ ಬಳಿ ಬಂದ ಡೇಕೇರ್ ನಡೆಸುವ ಒಬ್ಬ ಅಕ್ಕ ನವೆಂಬರಿನಲ್ಲಿ ತಮ್ಮ ಟೀಚರುಗಳಿಗೆ ವಿಮೆ ಮಾಡಿಸಿದ್ದರು. ಅವರ ಹಿಂದಿನ ತೆರಿಗೆ ಲೆಕ್ಕದವರು ಆ ಎರಡು ತಿಂಗಳಿಗೇ 8941 ಹಾಕಿ ಕೆಲವು ನೂರು ಡಾಲರ್ ಕೊಡಿಸಿದ್ದರು. ಒಂದು ಪೂರ್ತಿ ವರ್ಷ ಅದಕ್ಕೆ ಸಂದುಹೋಯಿತು. ವರ್ಷದ ಕೊನೆಗೆ ವಿಮೆ ಶುರು ಮಾಡಿದ್ದರೆ ಆ ವರ್ಷ ಫಾರ್ಮ್ ಹಾಕಬೇಡಿ. ಪ್ರೀಮಿಯಂ ಅನ್ನು ಸಾಮಾನ್ಯ ಖರ್ಚೆಂದು ತೋರಿಸಿ, ಮುಂದಿನ ಜನವರಿಯಿಂದ ಎರಡು ತುಂಬು ವರ್ಷ ಬಳಸಿಕೊಳ್ಳಿ. ಮುಗಿದ ಮೇಲೆ ಹಳೆಯ ಎಲ್‌ಎಲ್‌ಸಿ ಮುಚ್ಚಿ ಅದೇ ವ್ಯಾಪಾರಕ್ಕೆ ಹೊಸದು ತೆರೆದರೆ ಮತ್ತೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಪೂರ್ವಾಧಿಕಾರಿ ಸಂಸ್ಥೆ ಹಿಂದೆ ಪಡೆದಿದೆಯೇ ಎಂದು ಫಾರ್ಮಿನ ಸಿ ಸಾಲಿನಲ್ಲೇ ಕೇಳುತ್ತಾರೆ.

ಫಾರ್ಮ್ ಒಂದೇ ಪುಟದ್ದು. ಎ ಸಾಲಿನಲ್ಲಿ ಶಾಪ್ ಮೂಲಕ ಪ್ರೀಮಿಯಂ ಕಟ್ಟಿದಿರಾ ಎಂಬ ಪ್ರಶ್ನೆ, 1ರಿಂದ 3ರವರೆಗೆ ಮಂದಿ, ಎಣಿಕೆ ಮತ್ತು ಸರಾಸರಿ ವೇತನ, ಮುಂದೆ ಪ್ರೀಮಿಯಂ ಮತ್ತು ಕಡಿತಗಳು. ಅಲ್ಲಿ ಬಂದ ಮೊತ್ತ ವ್ಯಾಪಾರದ ಕ್ರೆಡಿಟ್ಟುಗಳನ್ನು ಒಟ್ಟುಗೂಡಿಸುವ ಫಾರ್ಮ್ 3800ಕ್ಕೆ ಹೋಗುತ್ತದೆ. ಪಾಲುದಾರಿಕೆ ಅಥವಾ ಎಸ್ ಕಾರ್ಪೊರೇಷನ್ ಆದರೆ ಪ್ರತಿಯೊಬ್ಬರ ಪಾಲನ್ನು ತೋರಿಸುವ ಕೆ-1 ಪತ್ರದ ಮೂಲಕ ಮಾಲೀಕರ ಸ್ವಂತ ತೆರಿಗೆಗೆ ಬರುತ್ತದೆ. ಆ ವರ್ಷ ತೆರಿಗೆಯೇ ಇಲ್ಲದಿದ್ದರೆ ಹಣ ಕೈಗೆ ಬರುವುದಿಲ್ಲ. ಬಳಕೆಯಾಗದ ಕ್ರೆಡಿಟ್ಟನ್ನು ಒಂದು ವರ್ಷ ಹಿಂದಿನ, ಇಲ್ಲವೇ ಮುಂದಿನ 20 ವರ್ಷಗಳ ತೆರಿಗೆಗೆ ಒಯ್ಯಬಹುದು. ಕ್ರೆಡಿಟ್ ಪಡೆದಷ್ಟು ಮೊತ್ತವನ್ನು ಪ್ರೀಮಿಯಂ ಖರ್ಚಿನಿಂದ ಕಳೆಯಬೇಕು: ಮೇಲಿನ ಹೋಟೆಲಿನವರು 16,800ರ ಬದಲು 9,853 ಡಾಲರನ್ನು ಮಾತ್ರ ಖರ್ಚೆಂದು ತೋರಿಸಬಹುದು.

ದೇವಸ್ಥಾನಗಳ ಆಡಳಿತ ಮಂಡಳಿಯಲ್ಲಿರುವವರಿಗೆ ವಿಶೇಷವಾಗಿ ಹೇಳುತ್ತೇನೆ. ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳಿಗೂ ಈ ಕ್ರೆಡಿಟ್ ಇದೆ, ಶೇ. 35ರವರೆಗೆ. ಅಂಥ ಸಂಸ್ಥೆಗಳು ಸಲ್ಲಿಸುವ ತೆರಿಗೆ ಫಾರ್ಮ್ 990-ಟಿ ಮೂಲಕ ಹಣವಾಗಿಯೇ ಮರಳಿ ಬರುತ್ತದೆ. ಮಿತಿಯೆಂದರೆ ನೌಕರರಿಂದ ಹಿಡಿದ ಆದಾಯ ತೆರಿಗೆ ಮತ್ತು ಎರಡೂ ಕಡೆಯ ಮೆಡಿಕೇರ್ ತೆರಿಗೆಯ ಮೊತ್ತ. ಅರ್ಚಕರು ದೇವಸ್ಥಾನದ ನೌಕರರೆಂದು ಪರಿಗಣಿತರಾದರೆ ಅವರ ಗಂಟೆಗಳು ಎಣಿಕೆಗೆ ಸೇರುತ್ತವೆ, ಅವರ ವಿಮೆಗೆ ಕಟ್ಟಿದ ಹಣವೂ ಸೇರುತ್ತದೆ. ಆದರೆ ಪೂಜಾಕಾರ್ಯಕ್ಕೆ ಪಡೆಯುವ ಸಂಭಾವನೆ ಸೋಷಿಯಲ್ ಸೆಕ್ಯುರಿಟಿ ಲೆಕ್ಕದ ವೇತನವಲ್ಲ, ಹಾಗಾಗಿ ಸರಾಸರಿಗೆ ಸೇರುವುದಿಲ್ಲ. ಇದರಿಂದ ಸರಾಸರಿ ಇಳಿದು ಕ್ರೆಡಿಟ್ ಹೆಚ್ಚುತ್ತದೆ. ಗರ್ಭಗುಡಿಯಲ್ಲಿ ಬೆಳಗಿನಿಂದ ನಿಲ್ಲುವವರಿಗೆ, ಪ್ರಸಾದದ ಅಡುಗೆ ಮಾಡುವವರಿಗೆ ವಿಮೆ ಇಲ್ಲದೆ ಗೋಪುರಕ್ಕೆ ಹಣ ಕೂಡಿಸುವುದು ನನಗೆ ಒಪ್ಪಿಗೆಯಾಗದ ಕ್ರಮ.

ಸಂಬಳದ ದಾಖಲೆ, ವಾರವಾರದ ಹಾಜರಿ, ವಿಮಾ ಕಂಪನಿಯ ಬಿಲ್, ಶಾಪ್ ಅರ್ಹತೆಯ ಪತ್ರ, ಯಾವ ವಿಧಾನದಲ್ಲಿ ಗಂಟೆ ಎಣಿಸಿದಿರಿ ಎಂಬ ಟಿಪ್ಪಣಿ, ಇಷ್ಟನ್ನು ಒಂದೇ ಫೈಲಿನಲ್ಲಿಡಿ. ಈಗಾಗಲೇ ಶಾಪ್ ಮೂಲಕ ವಿಮೆ ಕೊಡಿಸಿಯೂ ಕ್ರೆಡಿಟ್ ಕೇಳದೇ ಬಿಟ್ಟಿದ್ದರೆ, ಸಾಮಾನ್ಯವಾಗಿ ವಿವರ ಸಲ್ಲಿಸಿದ ಮೂರು ವರ್ಷದೊಳಗೆ ತಿದ್ದುಪಡಿ ವಿವರ ಸಲ್ಲಿಸಿ ಕೇಳಬಹುದು. ಹಳೆಯ ಫೈಲು ತೆಗೆಸಿ, 8941 ಹಿಂದೆ ಎಂದಾದರೂ ಲಗತ್ತಾಗಿದೆಯೇ ಎಂದು ಮೊದಲು ನೋಡಿ.