ಹನ್ನೆರಡು ವರ್ಷದ ಮೇಲೆ ಮತ್ತೆ ಬೊಲೆಟೇರಿಯಾಕ್ಕೆ

ಮೆಟ್ಟಿಲಿನ ಮೇಲಿಂದ ದೊಡ್ಡ ಗುಂಡು ಉರುಳಿ ಬರುವ ಮೊದಲೇ ನಾನು ಪಕ್ಕಕ್ಕೆ ಸರಿದು ನಿಂತಿದ್ದೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ತಿರುಗಿ ನೋಡಿದ. "ಮಾವ, ಅದು ಬರುತ್ತೆ ಅಂತ ಹೇಗೆ ಗೊತ್ತಾಯ್ತು?" ನಿಜ ಹೇಳಬೇಕೆಂದರೆ ನನಗೆ ನೆನಪಿರಲಿಲ್ಲ. ನನ್ನ ಕೈಗೆ ನೆನಪಿತ್ತು.

ಅದು 2022ರ ಮಳೆಗಾಲ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ 'ಡೀಮನ್ಸ್ ಸೋಲ್ಸ್' ವಿಡಿಯೋ ಗೇಮಿನ ರಿಮೇಕ್, ಅಂದರೆ ಹೊಸದಾಗಿ ಕಟ್ಟಿದ ಆವೃತ್ತಿ, ಶುರು ಮಾಡಿ ಇನ್ನೂ ಒಂದೇ ಗಂಟೆ ಆಗಿತ್ತು. ಬೊಲೆಟೇರಿಯಾ ಅದರೊಳಗಿನ ರಾಜ್ಯ. ಹಳೆಯ ಗೇಮ್ ಆಡಿದ್ದು 2010ರಲ್ಲಿ, ಪ್ಲೇಸ್ಟೇಷನ್ 3ರಲ್ಲಿ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ ತಂದ ಡಿಸ್ಕ್. ಆಗ ಮೂರು ತಿಂಗಳು ಒದ್ದಾಡಿ, ಅರ್ಧಕ್ಕೇ ಬಿಟ್ಟಿದ್ದೆ. ಆ ಅರ್ಧ ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿತ್ತು.

ಈ ಗೇಮಿನ ಕಥೆಯೂ ಹಾಗೇ, ಮೊದಲು ಕೈಬಿಟ್ಟಿದ್ದನ್ನು ಆಮೇಲೆ ಮತ್ತೆ ಎತ್ತಿಕೊಂಡಿದ್ದು. ಫ್ರಮ್‌ಸಾಫ್ಟ್‌ವೇರ್ ಅನ್ನುವ ಕಂಪನಿಯಲ್ಲಿ ಹಿಡೆಟಾಕಾ ಮಿಯಾಜಾಕಿ ನಿರ್ದೇಶಿಸಿದ್ದು, 2009ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಂತು. ಅಮೆರಿಕದಲ್ಲಿ ಹೊರತರಲು ಪ್ಲೇಸ್ಟೇಷನ್ ಮಾಡುವ ಸೋನಿಯೇ ಮುಂದೆ ಬರಲಿಲ್ಲ, ಅಟ್ಲಸ್ ಅನ್ನುವ ಇನ್ನೊಂದು ಕಂಪನಿ ತಂದಿತು. ಅದೇ ಗೇಮ್ 2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5ರ ಜೊತೆಗೇ, ಮೊದಲ ದಿನವೇ ಬಂತು. ಹೊಸದಾಗಿ ಕಟ್ಟಿದ್ದು ಬ್ಲೂಪಾಯಿಂಟ್ ಅನ್ನುವ ಸ್ಟುಡಿಯೋ. ನಮ್ಮಲ್ಲಿ ಕನ್ಸೋಲ್ ಬಂದದ್ದು 2021ರ ಫೆಬ್ರವರಿಯಲ್ಲಿ, ನನ್ನ ಕೈಗೆ ಸಿಕ್ಕಿದ್ದು ಮರುವರ್ಷ.

ನಾವು ಕುಂದಾಪುರದ ಕಡೆಯವರು, ಅದಕ್ಕೇ ನನಗೆ ಹೀಗೆ ಅನಿಸಿರಬೇಕು. ಈ ರಿಮೇಕ್ ಅಂದರೆ ಹಳೆಯ ಪ್ರಸಂಗವನ್ನು ಇನ್ನೊಂದು ಮೇಳ ಆಡಿದ ಹಾಗೆ. ಪ್ರಸಂಗ ಅದೇ, ಪದ್ಯ ಅದೇ. ವೇಷ ಹೊಸದು, ಬೆಳಕು ಹೊಸದು. ಯಾವ ಮೂಲೆಯಲ್ಲಿ ಸೈನಿಕ ಅಡಗಿ ಕೂತಿರುತ್ತಿದ್ದನೋ, ಇವತ್ತೂ ಅಲ್ಲೇ ಕೂತಿದ್ದಾನೆ. ಚೆಂಡೆ ಮಾತ್ರ ಬೇರೆಯಾಗಿದೆ. ಹೊಸ ಸಂಗೀತಕ್ಕೆ ದೊಡ್ಡ ವಾದ್ಯಗೋಷ್ಠಿ, ಕೋರಸ್ ಎಲ್ಲ ಸೇರಿದೆ. ಕೆಲವು ಕಡೆ ನನಗೆ ಹಳೆಯ, ಬಡಕಲು ಸಂಗೀತವೇ ಇಷ್ಟ. ಅದರಲ್ಲಿದ್ದ ಒಂಟಿತನ ಇಲ್ಲಿ ತುಂಬಿಹೋಗಿದೆ.

ಆದರೆ ಒಂದು ಬದಲಾವಣೆಗೆ ನಾನು ಕೈ ಮುಗಿಯುತ್ತೇನೆ. ಹಳೆಯದರಲ್ಲಿ ಸತ್ತ ಮೇಲೆ ಲೋಡ್ ಆಗುವ ತನಕ ಕಾಯಬೇಕಿತ್ತು. ಆ ಕಾಯುವ ಹೊತ್ತಿನಲ್ಲೇ ಸಿಟ್ಟು ಏರುತ್ತಿತ್ತು. ಈಗ ಸತ್ತರೆ ಕೆಲವೇ ಸೆಕೆಂಡಿನಲ್ಲಿ ಮತ್ತೆ ಎದ್ದು ನಿಂತಿರುತ್ತೇನೆ. ಗೇಮ್ ಸುಲಭವಾಗಿಲ್ಲ, ನನ್ನ ತಾಳ್ಮೆ ಜಾಸ್ತಿಯಾಗಿದೆ ಅಷ್ಟೇ.

ಶುರುವಿನಲ್ಲಿ ನಮ್ಮ ಪಾತ್ರದ ಬಗೆ, ಅಂದರೆ ಕ್ಲಾಸ್ ಆರಿಸಬೇಕು. ಈ ಸಲ ರಾಯಲ್ಟಿ ಕ್ಲಾಸ್ ತಗೊಂಡೆ. ಹೊಸಬರಿಗೂ ಇದನ್ನೇ ಹೇಳುತ್ತೇನೆ. ಶುರುವಿನಲ್ಲೇ ಸೋಲ್ ಆ್ಯರೋ ಮಂತ್ರ ಇರುತ್ತದೆ, ಜೊತೆಗೆ ಮಂತ್ರಶಕ್ತಿ ನಿಧಾನಕ್ಕೆ ತಾನಾಗಿ ತುಂಬುವ ಒಂದು ಉಂಗುರ. ದೂರದಿಂದಲೇ ಹೊಡೆಯಬಹುದು. 2010ರಲ್ಲಿ ಕತ್ತಿ ಹಿಡಿದು ಎಲ್ಲದಕ್ಕೂ ನುಗ್ಗುತ್ತಿದ್ದೆ, ಅದು ದೊಡ್ಡ ತಪ್ಪು.

ಇನ್ನೊಂದು ತಪ್ಪು ಅರ್ಥವಾಗಲು ವರ್ಷಗಳೇ ಬೇಕಾದವು. ಸತ್ತರೆ ನಮ್ಮ ಪಾತ್ರ ಆತ್ಮದ ರೂಪಕ್ಕೆ ಹೋಗುತ್ತದೆ, ಜೀವ ಅರ್ಧಕ್ಕೆ ಇಳಿಯುತ್ತದೆ. ಬಾಸ್ ಒಬ್ಬನನ್ನು, ಅಂದರೆ ಹಂತದ ಕೊನೆಯಲ್ಲಿ ಕಾಯುವ ದೊಡ್ಡ ಶತ್ರುವನ್ನು, ಕೊಂದರೆ ದೇಹ ವಾಪಸ್. ಆ ದೇಹದಲ್ಲಿ ಇದ್ದಾಗ ಮತ್ತೆ ಸತ್ತರೆ ಆ ಲೋಕವೇ ಕಪ್ಪಾಗುತ್ತಾ ಹೋಗುತ್ತದೆ. ಕಪ್ಪಾದಷ್ಟೂ ಶತ್ರುಗಳು ಬಲವಾಗುತ್ತಾರೆ. ಅಂದರೆ ಸೋತವನಿಗೆ ಇನ್ನೂ ಕಷ್ಟ. ಆಗ ನನಗೆ ಇದು ಗೊತ್ತೇ ಇರಲಿಲ್ಲ. ದೇಹ ಸಿಕ್ಕಿದ ಕೂಡಲೇ ಖುಷಿಯಲ್ಲಿ ಓಡಿ ಸಾಯುತ್ತಿದ್ದೆ. ಈ ಸಲ ಬಾಸ್ ಸತ್ತ ಮೇಲೆ ಎಲ್ಲ ಲೋಕಗಳಿಗೂ ದಾರಿ ಇರುವ ನಡುವಿನ ಜಾಗ ನೆಕ್ಸಸ್‌ಗೆ ನೇರ ಬಂದು, ಮೇಲಿನ ಅಂತಸ್ತಿನಿಂದ ನಾನೇ ಹಾರಿ ಸಾಯುತ್ತಿದ್ದೆ. ನೆಕ್ಸಸ್‌ನಲ್ಲಿ ಸತ್ತರೆ ಯಾವ ಲೋಕಕ್ಕೂ ಕಪ್ಪು ಹತ್ತುವುದಿಲ್ಲ. ಮೊದಲ ಕೋಟೆಯಲ್ಲೇ ಸಿಗುವ ಕ್ಲಿಂಗ್ ರಿಂಗ್ ಅನ್ನುವ ಉಂಗುರ ಹಾಕಿಕೊಂಡರೆ ಆತ್ಮದ ರೂಪದಲ್ಲೂ ಜೀವ ಮುಕ್ಕಾಲಿನಷ್ಟು ಇರುತ್ತದೆ. ನಾನು ಬಹುಪಾಲು ಗೇಮ್ ಮುಗಿಸಿದ್ದು ಹೀಗೇ, ದೇಹವಿಲ್ಲದೆ.

ಗಾಯಕ್ಕೆ ತಿನ್ನುವ ಸೊಪ್ಪಿಗೂ ಈಗ ತೂಕ ಬಂದಿದೆ. ಹಿಂದಿನ ಹಾಗೆ ಚೀಲ ತುಂಬಿಕೊಂಡು ಹೋಗುವ ಹಾಗಿಲ್ಲ. ಒಳ್ಳೆಯದೇ ಆಯಿತು. ಸೊಪ್ಪು ಕಡಿಮೆ ಇದ್ದಾಗ ಹೆಜ್ಜೆ ನೋಡಿ ಇಡುತ್ತೇವೆ.

ನಾನು ಆಡುತ್ತಿದ್ದದ್ದು ರಾತ್ರಿ ಹತ್ತರ ಮೇಲೆ. ಅಮ್ಮ ಒಳಗೆ ಮಲಗಿರುತ್ತಾರೆ, ಹಾಗಾಗಿ ಹೆಡ್‌ಫೋನ್. ಈ ಗೇಮಿನಲ್ಲಿ ಪಾಝ್, ಅಂದರೆ ಆಟವನ್ನು ನಡುವೆ ನಿಲ್ಲಿಸುವುದು, ಅನ್ನುವುದೇ ಇಲ್ಲ, ಮೆನು ತೆರೆದರೂ ಶತ್ರು ಬಂದು ಹೊಡೆಯುತ್ತಾನೆ. ಆದರೆ ರಿಮೇಕ್‌ನಲ್ಲಿ ಫೋಟೋ ತೆಗೆಯುವ ಮೋಡ್ ಇದೆ. ಅದನ್ನು ತೆರೆದರೆ ಎಲ್ಲ ನಿಲ್ಲುತ್ತದೆ. ಅಮ್ಮ ನೀರು ಕೇಳಿದರೆ ಅದೇ ನನ್ನ ಪಾಝ್ ಬಟನ್.

ಹೆಡ್‌ಫೋನಿನ ಬೆಲೆ ಗೊತ್ತಾಗಿದ್ದು ಟವರ್ ಆಫ್ ಲಾಟ್ರಿಯಾದಲ್ಲಿ. ಅದು ಕತ್ತಲೆಯ ಜೈಲು. ಸಾಲು ಸಾಲು ಕೋಣೆಗಳು, ಒಳಗೆ ನರಳುವವರು. ಕೈಯಲ್ಲಿ ಲಾಟೀನು, ಗಂಟೆ ಹಿಡಿದ ಕಾವಲುಗಾರ ಓಡಾಡುತ್ತಿರುತ್ತಾನೆ. ಎದುರಿಗೆ ಸಿಕ್ಕರೆ ಮಂತ್ರ ಹಾಕಿ ಕೈಕಾಲು ಆಡದ ಹಾಗೆ ಮಾಡುತ್ತಾನೆ, ಆಮೇಲೆ ಕಥೆ ಮುಗಿದ ಹಾಗೆ. ನಾನು ಒಂದು ಕೋಣೆಯೊಳಗೆ ನಿಂತು ಸುಮ್ನೆ ಕೇಳುತ್ತಿದ್ದೆ. ಗಂಟೆ ಎಡಕ್ಕೆ, ಕೆಳಗಿನ ಅಂತಸ್ತಿನಲ್ಲಿ. ಈಗ ಹತ್ತಿರ. ಈಗ ಬಾಗಿಲ ಮುಂದೆ. ಈಗ ದೂರ ಸರಿಯಿತು. ಅವನ ಬೆನ್ನು ಕಂಡ ಮೇಲೆ ಮೆಲ್ಲಗೆ ಹೋಗಿ ಹಿಂದಿನಿಂದ ಚುಚ್ಚಿದೆ. ಅದನ್ನು ಮಾಡಿದಾಗ ಹೊರಗೆ ಮಳೆ ಹೊಯ್ಯುತ್ತಿದ್ದದ್ದೂ ನನಗೆ ಗೊತ್ತಾಗಿರಲಿಲ್ಲ.

2010ರಲ್ಲಿ ನಾನು ಬಿಟ್ಟಿದ್ದು ಇದೇ ಲೋಕದಲ್ಲಿ, ಮ್ಯಾನ್‌ಈಟರ್ ಅನ್ನುವ ಬಾಸ್ ಹತ್ತಿರ. ಆಕಾಶದ ಎತ್ತರದಲ್ಲಿ ಇಕ್ಕಟ್ಟಾದ ಸೇತುವೆ. ರೆಕ್ಕೆಯ ಮೃಗ ಒಂದು ಬರುತ್ತದೆ. ಅದರ ಜೊತೆ ಹೋರಾಡುತ್ತಿರುವಾಗಲೇ ಇನ್ನೊಂದು ಬರುತ್ತದೆ. ಹೊಡೆತಕ್ಕಿಂತ ಜಾಸ್ತಿ ಸಲ ಬಿದ್ದೇ ಸತ್ತಿದ್ದೆ. ಈ ಸಲವೂ ಮೊದಲ ನಾಲ್ಕು ರಾತ್ರಿ ಸತ್ತೆ. ಐದನೇ ರಾತ್ರಿ ಸೇತುವೆಯ ಅಂಚಿಗೆ ಹೋಗುವುದನ್ನೇ ಬಿಟ್ಟೆ. ನಡುವಿನ ಬೆಂಕಿಯ ಕುಂಡವನ್ನು ಅಡ್ಡ ಇಟ್ಟುಕೊಂಡು ಅಲ್ಲೇ ಸುತ್ತಿದೆ. ಮೊದಲನೆಯದು ನೆಲಕ್ಕೆ ಇಳಿದ ಪ್ರತಿ ಸಲ ಸೋಲ್ ಆ್ಯರೋ. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಸಾಯುವ ಹಂತದಲ್ಲಿತ್ತು. ಕೊನೆಯ ಹೊಡೆತ ಬಿದ್ದಾಗ ಕಂಟ್ರೋಲರ್ ಅಂಗೈಯಲ್ಲಿ ನಡುಗಿತು. ನಾನು ಬಾಯಿ ಮುಚ್ಚಿಕೊಂಡು ಕೂಗಿದೆ, ಅಮ್ಮ ಏಳಬಾರದು ಅಲ್ವಾ.

ರಿಮೇಕ್‌ನಲ್ಲಿ ಇಡೀ ಲೋಕವನ್ನೇ ಕನ್ನಡಿಯ ಹಾಗೆ ಎಡ-ಬಲ ತಿರುಗಿಸುವ ಒಂದು ಮೋಡ್ ಇದೆ. ಅದನ್ನು ನಾನು ಮುಟ್ಟಲಿಲ್ಲ. ಹನ್ನೆರಡು ವರ್ಷ ಕೈಯಲ್ಲಿ ಉಳಿದ ದಾರಿಯನ್ನು ಕಲಸಿಕೊಳ್ಳುವ ಮನಸ್ಸಾಗಲಿಲ್ಲ.

ಕೊನೆಗೆ ಮೇಡನ್ ಆಸ್ಟ್ರೇಯಾ. ಕೊಳೆತ ಕಣಿವೆಯ ತಳದಲ್ಲಿ, ಕೆಸರಿನಲ್ಲಿ ಕೂತ ಒಬ್ಬ ಹೆಂಗಸು. ಅವಳನ್ನು ಕಾಯಲು ಒಬ್ಬನೇ ಯೋಧ, ಗಾರ್ಲ್ ವಿನ್ಲೆಂಡ್. ನಮ್ಮನ್ನು ವಾಪಸ್ ಹೋಗು ಅನ್ನುತ್ತಾಳೆ. ಗಾರ್ಲ್ ಸತ್ತರೆ ಅವಳು ಹೋರಾಡುವುದೇ ಇಲ್ಲ, ತಾನೇ ಜೀವ ಬಿಡುತ್ತಾಳೆ. ಅವತ್ತು ಶನಿವಾರ, ಅಕ್ಕನ ಮಗ ಮನೆಗೆ ಬಂದಿದ್ದ.

"ಮಾವ, ಇವಳೇನೂ ಮಾಡಿಲ್ಲ. ಕೊಲ್ಲಲೇಬೇಕಾ?"

"ಇವಳು ಇರುವ ತನಕ ಕೋಟೆಯ ಕೊನೆಯ ಬಾಗಿಲು ತೆರೆಯಲ್ಲ ಮಗ."

ಅವನು ಆಮೇಲೆ ಮಾತಾಡಲಿಲ್ಲ. ಗಾರ್ಲ್ ಬಿದ್ದ ಮೇಲೆ ನಾನು ಕಂಟ್ರೋಲರ್ ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತೆ. ಇಷ್ಟು ವರ್ಷದಲ್ಲಿ ಎಷ್ಟೋ ಬಾಸ್ ಕೊಂದಿದ್ದೇನೆ, ಗೆದ್ದ ಮೇಲೆ ಕ್ಷಮೆ ಕೇಳಬೇಕು ಅನಿಸಿದ್ದು ಇಲ್ಲಿ ಮಾತ್ರ.

ಕೊನೆಯ ಬಾಸ್ ರಾಜ ಅಲಾಂಟ್‌ನನ್ನು ಮುಗಿಸಿದ್ದು ಮುಂದಿನ ವಾರ. ಅದರ ಮರುದಿನವೇ ಅಕ್ಕನ ಮಗ ಫೋನ್ ಮಾಡಿದ. "ಮಾವ, ನಾನೊಂದ್ಸಲ ಆಡ್ಲಾ?" ಬಂದು ತನ್ನದೇ ಪಾತ್ರ ಮಾಡಿಕೊಂಡ, ಕತ್ತಿಯವನು. ಕೋಟೆಯ ಬಾಗಿಲು ದಾಟಿ, ಆ ಮೆಟ್ಟಿಲಿನ ಬುಡಕ್ಕೆ ಬಂದು ನಿಂತ. ಗುಂಡಿನ ವಿಷಯ ಅವನು ಮರೆತೇ ಬಿಟ್ಟಿದ್ದ. ಹೇಳಬೇಕು ಅಂತ ಬಾಯಿ ತೆರೆದೆ. ಹೇಳಲಿಲ್ಲ. ಅವನು ಮೊದಲ ಮೆಟ್ಟಿಲು ಹತ್ತಿದ.