ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಎಂಥ ಮೇಯರ್ ಬೇಕು, ಅವರನ್ನು ಆರಿಸುವುದು ಹೇಗೆ

ವಿದ್ಯಾನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಕಚೇರಿ ಇದೆ. ಹನ್ನೊಂದು ಜನ ಕೆಲಸ ಮಾಡುತ್ತೇವೆ. ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಮುಖ್ಯ ಕೆಲಸ. ಯಾವ ರೈತನ ಮೆಣಸಿನಕಾಯಿ ಎಷ್ಟು ಚೀಲ ಬಂತು, ತೂಕ ಎಷ್ಟಾಯಿತು, ಹಮಾಲಿ ಎಷ್ಟು, ಕೈಗೆ ಎಷ್ಟು ಹಣ ಸಲ್ಲಬೇಕು ಎಂಬುದನ್ನು ಅದೇ ದಿನ ಸಂಜೆಯೊಳಗೆ ತಪ್ಪಿಲ್ಲದೆ ಲೆಕ್ಕ ಹಾಕಬೇಕು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ದುಡಿದು ಊರಿಗೆ ಮರಳಿದವಳು ನಾನು. ಇಲ್ಲಿಯೇ ಇದ್ದು ಇಲ್ಲಿನವರಿಗೆ ಕೆಲಸ ಕೊಡಬೇಕೆಂಬ ಹಟ ನನಗೆ ಇಂದಿಗೂ ಇದೆ. ಆದ್ದರಿಂದಲೇ ಪಾಲಿಕೆ ಚುನಾವಣೆಯನ್ನು ನಾನು ವಿಧಾನಸಭೆ ಚುನಾವಣೆಗಿಂತ ಹೆಚ್ಚು ಗಮನವಿಟ್ಟು ನೋಡುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಕರ್ನಾಟಕದಲ್ಲಿ ನೀವು ಮೇಯರ್‌ಗೆ ನೇರವಾಗಿ ಮತ ಹಾಕುವುದಿಲ್ಲ. ಉತ್ತರ ಪ್ರದೇಶದಲ್ಲಿ, ಮಧ್ಯಪ್ರದೇಶದಲ್ಲಿ ಜನರೇ ಮೇಯರನ್ನು ಆರಿಸುತ್ತಾರೆ. ನಮ್ಮಲ್ಲಿ ನೀವು ವಾರ್ಡಿನ ಸದಸ್ಯರನ್ನು ಆರಿಸುತ್ತೀರಿ, ಆ ಸದಸ್ಯರು ಸೇರಿ ಮೇಯರನ್ನು ಆರಿಸುತ್ತಾರೆ. ಪಾಲಿಕೆ ವ್ಯಾಪ್ತಿಯ ಶಾಸಕರಿಗೂ ಸಂಸದರಿಗೂ ಅಲ್ಲಿ ಮತವಿದೆ. ಸದಸ್ಯರ ಅವಧಿ ಐದು ವರ್ಷ, ನಮ್ಮ ಹುಬ್ಬಳ್ಳಿ–ಧಾರವಾಡ ಪಾಲಿಕೆಯಲ್ಲಿ ಮೇಯರ್ ಅವಧಿ ಒಂದೇ ವರ್ಷ. ಆ ಹುದ್ದೆ ಯಾವ ವರ್ಷ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಸರ್ಕಾರ ನಿಗದಿ ಮಾಡುತ್ತದೆ.

2021ರ ಚುನಾವಣೆಯನ್ನೇ ನೆನಪಿಸಿಕೊಳ್ಳಿ. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ 82 ವಾರ್ಡುಗಳಿಗೆ ಸೆಪ್ಟೆಂಬರ್‌ನಲ್ಲಿ ಮತದಾನವಾಯಿತು. ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷಕ್ಕೆ ಸಿಕ್ಕಿದ್ದು 39, ಅಂದರೆ ಅರ್ಧಕ್ಕಿಂತ ಕಡಿಮೆ. ಮೇಯರ್ ಸ್ಥಾನ ಆ ಪಕ್ಷಕ್ಕೇ ದಕ್ಕಿತು, ಆದರೆ ಅದು 2022ರ ಮೇ ತಿಂಗಳಲ್ಲಿ. ಮತ ಹಾಕಿ ಎಂಟು ತಿಂಗಳ ಮೇಲಾದರೂ ನಗರಕ್ಕೆ ಮೇಯರ್ ಇರಲಿಲ್ಲ.

ಹೀಗಿರುವಾಗ ‘ಒಳ್ಳೆಯ ಮೇಯರ್ ಯಾರು’ ಎಂದು ಕೇಳಿಕೊಂಡು ಕುಳಿತರೆ ಉತ್ತರ ಸಿಗುವುದಿಲ್ಲ. ಕೇಳಬೇಕಾದದ್ದು ಬೇರೆ: ನನ್ನ ವಾರ್ಡಿನಿಂದ ಹೋಗುವವರು ಮೇಯರ್ ಆರಿಸುವ ದಿನ ಏನನ್ನು ನೋಡಿ ಕೈ ಎತ್ತುತ್ತಾರೆ? ಇದು ಬರಿಯ ಮಾತಲ್ಲ. ಮೇಯರ್ ಚುನಾವಣೆ ಪ್ರಾದೇಶಿಕ ಆಯುಕ್ತರ ಮುಂದೆ, ಕೈ ಎತ್ತುವ ಮೂಲಕವೇ ನಡೆಯುತ್ತದೆ. ನಿಮ್ಮ ಸದಸ್ಯರು ಯಾರ ಪರ ನಿಂತರು ಎಂಬುದು ಗುಟ್ಟಾಗಿ ಉಳಿಯುವುದಿಲ್ಲ.

ಎರಡನೆಯದಾಗಿ, ಮೇಯರ್ ಕೈಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿದುಕೊಳ್ಳಿ. ಅಭ್ಯರ್ಥಿಯ ಕರಪತ್ರವನ್ನು ಒಂದು ಪೆನ್ನು ಹಿಡಿದು ಓದಿ. ‘ನಗರಕ್ಕೆ ದೊಡ್ಡ ಐಟಿ ಕಂಪನಿ ತರುತ್ತೇವೆ’ ಎಂಬ ಸಾಲಿದ್ದರೆ ಅದಕ್ಕೆ ಗೆರೆ ಎಳೆಯಿರಿ. ಕೈಗಾರಿಕಾ ಜಮೀನು ಕೊಡುವುದು ರಾಜ್ಯದ ಕೈಗಾರಿಕಾ ಮಂಡಳಿಯಾದ ಕೆಐಎಡಿಬಿ, ಐಟಿ ನೀತಿ ರೂಪಿಸುವುದು ರಾಜ್ಯ ಸರ್ಕಾರ. ವಿದ್ಯುತ್ ಹೆಸ್ಕಾಂನದು. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನ ವೇಳಾಪಟ್ಟಿಯೂ ವಿಮಾನದ ವೇಳಾಪಟ್ಟಿಯೂ ಪಾಲಿಕೆಯ ಸಭೆಯಲ್ಲಿ ತೀರ್ಮಾನವಾಗುವುದಿಲ್ಲ. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂದದ್ದು ಯಾವ ವಾರ್ಡ್ ಸದಸ್ಯರಿಂದಲೂ ಅಲ್ಲ. ಕೊಡಲಾಗದ್ದನ್ನು ಕೊಡುತ್ತೇನೆ ಎನ್ನುವವರು ಕೊಡಬಹುದಾದದ್ದರ ಬಗ್ಗೆ ಯೋಚಿಸಿರುವುದಿಲ್ಲ ಎಂಬುದು ನನ್ನ ಅನುಭವ.

ಪಾಲಿಕೆಯ ಕೈಯಲ್ಲಿರುವುದು ನಗರದೊಳಗಿನ ರಸ್ತೆ, ಚರಂಡಿ, ಬೀದಿ ದೀಪ, ಕಸ, ಪಾದಚಾರಿ ಮಾರ್ಗ, ಆಸ್ತಿ ತೆರಿಗೆ, ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ, ಖಾತೆ. ತಂತ್ರಜ್ಞಾನದ ಮಾತಾಡುತ್ತ ಚರಂಡಿಗೆ ಬಂದಳಲ್ಲ ಎಂದು ನಿಮಗೆ ಅನಿಸಬಹುದು. ಆದರೆ ನಮ್ಮ ಉದ್ಯಮ ನಿಂತಿರುವುದು ಈ ಪಟ್ಟಿಯ ಮೇಲೆಯೇ. ಗೋಕುಲ ರಸ್ತೆಯ ಇನ್ಫೋಸಿಸ್ ಆವರಣದೊಳಗೆ ಅವರದೇ ರಸ್ತೆ, ಅವರದೇ ದೀಪ, ಅವರದೇ ಜನರೇಟರ್ ಇರುತ್ತದೆ. ಹತ್ತು ಹದಿನೈದು ಜನರ ಕಚೇರಿಗೆ ಅದಾವುದೂ ಇಲ್ಲ. ನಮಗೆ ಬೀದಿಯೇ ಆವರಣ.

ಒಂದು ಫೆಬ್ರವರಿಯ ಸಂಗತಿ ಹೇಳುತ್ತೇನೆ. ಮೆಣಸಿನಕಾಯಿ ಆವಕ ಏರಿದ್ದ ಸಮಯ. ಬೆಳಿಗ್ಗೆ ಹತ್ತೂವರೆಗೆ ನಮ್ಮ ಬೀದಿಯ ತುದಿಯಲ್ಲಿ ಜೆಸಿಬಿ ಯಾವುದೋ ಕೊಳವೆಗಾಗಿ ನೆಲ ಅಗೆಯಿತು, ಇಂಟರ್ನೆಟ್ ಕೇಬಲ್ ತುಂಡಾಯಿತು. ಅಗೆಸಿದವರಿಗೆ ಅಲ್ಲಿ ಕೇಬಲ್ ಇದೆಯೆಂದು ಗೊತ್ತಿರಲಿಲ್ಲ, ಕೇಬಲಿನವರಿಗೆ ಅಂದು ಅಗೆಯುತ್ತಾರೆಂದು ಗೊತ್ತಿರಲಿಲ್ಲ. ಮೂರು ದಿನ ಸಂಪರ್ಕವಿರಲಿಲ್ಲ. ಅಷ್ಟರಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕದಲ್ಲಿ ದೋಷ ಕಾಣಿಸಿಕೊಂಡಿತು. ಮೊಬೈಲಿನ ಇಂಟರ್ನೆಟ್ ಹಿಡಿದುಕೊಂಡು ನಮ್ಮ ಹುಡುಗನೊಬ್ಬ ಅಮರಗೋಳಕ್ಕೇ ಹೋಗಿ, ಚೀಲಗಳ ನಡುವೆ ಕುಳಿತು ಸರಿಮಾಡಿದ. ಅಲ್ಲಿಯವರೆಗೆ ಇಪ್ಪತ್ತಾರು ರೈತರು ತಮ್ಮ ಮಾಲಿನ ಲೆಕ್ಕದ ಪಟ್ಟಿಗಾಗಿ ಕಾದು ನಿಂತಿದ್ದರು. ನವಲಗುಂದಕ್ಕೆ ಹೋಗುವ ಬಸ್ ತಪ್ಪೀತೆಂದು ಒಬ್ಬ ಅಜ್ಜ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದನಂತೆ. ಆ ಮಾತು ಕೇಳಿ ನನಗೆ ಅಂದು ಊಟ ಸೇರಲಿಲ್ಲ.

ಹಾಗಾಗಿ ಅಭ್ಯರ್ಥಿಗೆ ನನ್ನ ಮೊದಲ ಪ್ರಶ್ನೆ ರಸ್ತೆ ಅಗೆತದ್ದೇ. ಈ ವಾರ್ಡಿನಲ್ಲಿ ರಸ್ತೆ ಅಗೆಯಲು ಯಾರು ಯಾರಿಂದ ಅನುಮತಿ ಪಡೆಯಬೇಕು? ಅಗೆದ ಮೇಲೆ ಮುಚ್ಚುವ ಹೊಣೆ ಯಾರದು, ಎಷ್ಟು ದಿನದೊಳಗೆ? ನೀರಿನವರು, ಒಳಚರಂಡಿಯವರು, ವಿದ್ಯುತ್ತಿನವರು, ಕೇಬಲಿನವರು ಎಲ್ಲರ ಅಗೆತವನ್ನೂ ಒಂದೇ ಪಟ್ಟಿಗೆ ತಂದು, ವಾರಕ್ಕೆ ಮೊದಲೇ ಬೀದಿಯವರಿಗೆ ತಿಳಿಸುವಂತೆ ಪಾಲಿಕೆ ಸಭೆಯಲ್ಲಿ ನಿರ್ಣಯ ತರುತ್ತೀರಾ? ಟೆಲಿಕಾಂ ಕೇಬಲ್ ಹಾಕುವ ಅನುಮತಿಗೆ 2025ರ ಜನವರಿಯಿಂದ ಕೇಂದ್ರದ ಹೊಸ ನಿಯಮಗಳು ಜಾರಿಗೆ ಬಂದಿವೆ. ಅಭ್ಯರ್ಥಿಗೆ ಅದೆಲ್ಲ ಬಾಯಿಪಾಠ ಇರಬೇಕಿಲ್ಲ. ‘ತಿಳಿದುಕೊಂಡು ನಾಳೆ ಹೇಳುತ್ತೇನೆ’ ಎಂದು ಹೋಗಿ, ಮರುದಿನ ನಿಜವಾಗಿ ಬಂದವರನ್ನು ನಾನು ಗೌರವಿಸುತ್ತೇನೆ.

ಕಳೆದ ಬಾರಿ ಇಬ್ಬರು ಅಭ್ಯರ್ಥಿಗಳು ನಮ್ಮ ಮೆಟ್ಟಿಲು ಹತ್ತಿ ಬಂದಿದ್ದರು. ಒಬ್ಬರು ಕಂಪ್ಯೂಟರುಗಳನ್ನು ನೋಡಿ ಹುಬ್ಬಳ್ಳಿಯನ್ನು ಎರಡನೆಯ ಬೆಂಗಳೂರು ಮಾಡುವುದಾಗಿ ಹೇಳಿದರು. ಇನ್ನೊಬ್ಬರು, ಐವತ್ತು ದಾಟಿದ ಹೆಂಗಸು, ಕಿಟಕಿಯ ಬಳಿ ನಿಂತು ಕೆಳಗೆ ನೋಡಿ, ‘ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದೆಯೇನಮ್ಮ? ನಿಮ್ಮ ಹುಡುಗಿಯರು ರಾತ್ರಿ ಎಷ್ಟು ಗಂಟೆಗೆ ಹೊರಡುತ್ತಾರೆ?’ ಎಂದು ಕೇಳಿದರು. ಅವರಿಗೆ ಸಾಫ್ಟ್‌ವೇರ್ ಎಂದರೇನೆಂದು ಹೆಚ್ಚು ತಿಳಿದಿರಲಿಲ್ಲ. ನನ್ನ ಮತ ಅವರಿಗೇ ಬಿತ್ತು.

ಏಕೆಂದರೆ ಅಭ್ಯರ್ಥಿಗೆ ನನ್ನ ಎರಡನೆಯ ಪ್ರಶ್ನೆ ಬೀದಿ ದೀಪದ್ದು. ನಮ್ಮಲ್ಲಿ ಟೆಸ್ಟಿಂಗ್ ಮಾಡುವ ಹುಡುಗಿಯೊಬ್ಬಳು ಸಂಜೆ ಆರಾದರೆ ಚಡಪಡಿಸುತ್ತಿದ್ದಳು. ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆ ಎಂದು ನಾನು ತಪ್ಪು ತಿಳಿದಿದ್ದೆ. ಕಚೇರಿಯಿಂದ ಬಸ್ ನಿಲ್ದಾಣದವರೆಗಿನ ನಾಲ್ಕು ಕಂಬಗಳಲ್ಲಿ ಮೂರು ಕೆಟ್ಟಿದ್ದವು, ಅವಳಿಗೆ ಇದ್ದದ್ದು ಆ ಕತ್ತಲಿನ ಭಯ. ತಂತ್ರಜ್ಞಾನದಲ್ಲಿ ಹೆಣ್ಣುಮಕ್ಕಳು ಹೆಚ್ಚಬೇಕು ಎಂದು ವೇದಿಕೆಯಲ್ಲಿ ಹೇಳುವವರನ್ನು ಕಂಬದ ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿ. ದೀಪ ಕೆಟ್ಟರೆ ದೂರು ಎಲ್ಲಿ, ಎಷ್ಟು ದಿನದಲ್ಲಿ ಸರಿಯಾಗುತ್ತದೆ, ಆಗದಿದ್ದರೆ ನಿರ್ವಹಣೆಯ ಗುತ್ತಿಗೆದಾರರಿಗೆ ದಂಡ ಇದೆಯೇ ಎಂದು ಅಲ್ಲಿಯೇ ಕೇಳಿ.

ಪರವಾನಗಿ, ತೆರಿಗೆಗಳ ವಿಷಯದಲ್ಲಿ ನಾವೂ ಸ್ವಲ್ಪ ಓದಿಕೊಂಡಿರಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಕಾರ್ಮಿಕ ಇಲಾಖೆಯದು, ಉದ್ದಿಮೆ ಪರವಾನಗಿ ಪಾಲಿಕೆಯದು. ಎರಡನ್ನೂ ಕಲಸಿಕೊಂಡು ದೂರು ಹೇಳಿದರೆ ಅಭ್ಯರ್ಥಿ ಸುಲಭವಾಗಿ ನುಣುಚಿಕೊಳ್ಳುತ್ತಾರೆ. ವಾಸದ ಮನೆಯ ಒಂದು ಕೋಣೆಯಲ್ಲಿ ಮೂರು ಜನ ಕುಳಿತು ಕೋಡ್ ಬರೆದರೆ ಆಸ್ತಿ ತೆರಿಗೆಯನ್ನು ಯಾವ ದರದಲ್ಲಿ ಲೆಕ್ಕ ಹಾಕಬೇಕೆಂದು ಕೇಳಿ. ಕಟ್ಟಡದ ಮಾಲೀಕರ ಬಳಿ ಇ-ಖಾತೆ ಇಲ್ಲದಿದ್ದರೆ ಬ್ಯಾಂಕ್ ಆ ಆಸ್ತಿಯ ಮೇಲೆ ಸಾಲ ಕೊಡಲು ಹಿಂಜರಿಯುತ್ತದೆ. ಮನೆ ಒತ್ತೆಯಿಟ್ಟು ಉದ್ಯಮ ಆರಂಭಿಸುವವರು ನಮ್ಮೂರಿನಲ್ಲಿ ಬಹಳ ಜನ, ಅವರಿಗೆ ಬಂಡವಾಳ ಎಂದರೆ ಆ ಒಂದು ಹಾಳೆ.

ಪಾಲಿಕೆ ತನಗೆ ಬೇಕಾದ ಸಾಫ್ಟ್‌ವೇರನ್ನು ಟೆಂಡರ್ ಕರೆದು ಕೊಳ್ಳುವಾಗ ಅರ್ಜಿದಾರರ ವಾರ್ಷಿಕ ವಹಿವಾಟು ಕನಿಷ್ಠ ಎಷ್ಟಿರಬೇಕೆಂದು ಷರತ್ತು ಹಾಕುತ್ತದೆ ಎಂಬುದನ್ನೂ ಕೇಳಬಹುದು. ಕೆಲಸಕ್ಕೆ ಮೀರಿದ ಷರತ್ತು ಹಾಕಿದರೆ ಸಣ್ಣವರು ಅರ್ಜಿಯನ್ನೇ ಹಾಕಲಾಗದು. ಆದರೆ ‘ಊರಿನವರಾದ ನಮಗೇ ಕೊಡಿ’ ಎಂದು ಕೇಳಬೇಡಿ. ಇಂದು ನಮಗಾಗಿ ನಿಯಮ ಮುರಿಯುವವರು ನಾಳೆ ಇನ್ನೊಬ್ಬರಿಗಾಗಿ ಮುರಿಯುತ್ತಾರೆ.

ಇನ್ನು ಅಧಿಕಾರದ ಮಾತು. ಪಾಲಿಕೆಯ ದಿನನಿತ್ಯದ ಆಡಳಿತ ನಡೆಸುವವರು ಆಯುಕ್ತರು, ಅವರನ್ನು ನೇಮಿಸುವುದು ಸರ್ಕಾರ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಸ್ಯಾನ್ ಹೋಸೆಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು, ‘ನಮ್ಮಲ್ಲಿ ಮೇಯರ್‌ಗೆ ನಾವೇ ಮತ ಹಾಕುತ್ತೇವೆ, ಅವಧಿ ನಾಲ್ಕು ವರ್ಷ’ ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಆದರೆ ಸಿಲಿಕಾನ್ ವ್ಯಾಲಿಯ ಆ ನಗರದಲ್ಲಿಯೂ ಆಡಳಿತ ನಡೆಸುವುದು ನೇಮಕಗೊಂಡ ಸಿಟಿ ಮ್ಯಾನೇಜರ್, ಮೇಯರ್‌ಗೆ ಸಭೆಯಲ್ಲಿ ಇರುವುದು ಒಂದು ಮತ. ಅಂದರೆ ಅಲ್ಲಿಯೂ ಇಲ್ಲಿಯೂ ಮೇಯರ್ ಬಲ ಬಜೆಟ್ಟಿನಲ್ಲಿ, ಸಭೆಯನ್ನು ಜೊತೆಗೆ ಕರೆದೊಯ್ಯುವ ಶಕ್ತಿಯಲ್ಲಿ ಇದೆ.

ನಮ್ಮಲ್ಲಿ ಅವಧಿ ಒಂದೇ ವರ್ಷವಾದ್ದರಿಂದ ಮೇಯರ್ ಹೆಸರಿಗಿಂತ ಸ್ಥಾಯಿ ಸಮಿತಿಗಳು ನನಗೆ ಮುಖ್ಯವೆನಿಸುತ್ತವೆ. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂದು ನಾಲ್ಕು ಸಮಿತಿಗಳಿವೆ. ‘ಗೆದ್ದರೆ ಯಾವ ಸಮಿತಿಗೆ ಹೋಗಬೇಕೆಂದಿದ್ದೀರಿ, ಏಕೆ?’ ಎಂದು ಕೇಳಿ. ಉತ್ತರಕ್ಕೆ ತಡಕಾಡುವವರು ಸಭೆಯಲ್ಲಿಯೂ ತಡಕಾಡುತ್ತಾರೆ. ಮತ್ತೆ ಸ್ಪರ್ಧಿಸುತ್ತಿರುವ ಹಳೆಯ ಸದಸ್ಯರಾದರೆ ಇನ್ನೂ ಸುಲಭ: ಕಳೆದ ಐದು ವರ್ಷದ ಸಾಮಾನ್ಯ ಸಭೆಗಳ ನಡಾವಳಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಅವರು ಎಷ್ಟು ಸಲ ಮಾತನಾಡಿದರು, ಯಾವುದರ ಬಗ್ಗೆ ಮಾತನಾಡಿದರು ಎಂಬುದು ಅಲ್ಲಿ ಸಿಗುತ್ತದೆ. ನಾಮಪತ್ರದೊಂದಿಗೆ ಸಲ್ಲಿಸಿದ ಆಸ್ತಿ ಮತ್ತು ಪ್ರಕರಣಗಳ ಪ್ರಮಾಣಪತ್ರವನ್ನೂ ಓದಿ.

ವಾರ್ಡ್ ಸಮಿತಿಯನ್ನು ಮರೆಯಬೇಡಿ. ಸದಸ್ಯರ ಅಧ್ಯಕ್ಷತೆಯಲ್ಲಿ ನಾಗರಿಕರು ಕುಳಿತು ವಾರ್ಡಿನ ಕೆಲಸ ಚರ್ಚಿಸುವ ಸಮಿತಿ ಅದು. ಅದನ್ನು ತಿಂಗಳಿಗೊಮ್ಮೆ ಕರೆಯುತ್ತೇನೆ, ದಿನಾಂಕವನ್ನು ಮೊದಲೇ ತಿಳಿಸುತ್ತೇನೆ ಎಂದು ಅಭ್ಯರ್ಥಿಯಿಂದ ಬರೆಸಿಕೊಳ್ಳಿ. ನಮ್ಮ ತಂತ್ರಜ್ಞಾನ ಕ್ಷೇತ್ರದವರು ಅಲ್ಲಿಗೆ ಹೋಗುವುದಿಲ್ಲ ಎಂಬುದು ನನ್ನ ದೊಡ್ಡ ಕೊರಗು. ನವೋದ್ಯಮಗಳಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್‌ನಲ್ಲಿ ಹೂಡಿಕೆದಾರರ ಸಭೆಯೆಂದರೆ ಒಂದು ಗಂಟೆ ಮೊದಲೇ ಹೋಗಿ ಕುಳಿತುಕೊಳ್ಳುತ್ತೇವೆ. ನಮ್ಮದೇ ಚರಂಡಿಯ ಸಭೆಗೆ ಬಿಡುವಿಲ್ಲ ಎನ್ನುತ್ತೇವೆ.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ಎರಡು ಪಾಲಿಕೆಗಳೆಂದರೆ ಇಬ್ಬರು ಮೇಯರ್, ಎರಡು ಬಜೆಟ್. ಓದಲು ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬರುವ ಹುಡುಗ ಧಾರವಾಡದಲ್ಲಿ ಮನೆ ಮಾಡಿರುತ್ತಾನೆ, ಧಾರವಾಡದ ಐಐಐಟಿಯಲ್ಲಿ ಕಲಿತವಳು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿರುತ್ತಾಳೆ. ಎರಡೂ ಕಡೆಯ ಅಭ್ಯರ್ಥಿಗಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಡುವುದು ಒಳ್ಳೆಯದು.

ಇಷ್ಟೆಲ್ಲ ಮಾಡುವ ಮೊದಲು ನಿಮ್ಮ ಹೆಸರು ಎಲ್ಲಿದೆ ಎಂದು ನೋಡಿಕೊಳ್ಳಿ. ಕಚೇರಿ ಇರುವ ವಾರ್ಡಿನಲ್ಲಲ್ಲ, ನೀವು ವಾಸಿಸುವ ವಾರ್ಡಿನಲ್ಲಿ ನಿಮ್ಮ ಮತ. ಕಳೆದ ತಿಂಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಮ್ಮ ಕಚೇರಿಯಲ್ಲಿ ಎಲ್ಲರೂ ಮೊಬೈಲ್ ತೆರೆದು ಮತದಾರರ ಪಟ್ಟಿ ಹುಡುಕಿದೆವು. ಹನ್ನೊಂದು ಜನರಲ್ಲಿ ಆರು ಜನರ ಹೆಸರು ಇನ್ನೂ ಗದಗ, ಹಾವೇರಿ, ಬಾಗಲಕೋಟೆಯ ಊರುಗಳಲ್ಲಿಯೇ ಇತ್ತು. ಅವರು ಹುಬ್ಬಳ್ಳಿಗೆ ಬಂದು ನಾಲ್ಕೈದು ವರ್ಷಗಳಾಗಿವೆ. ಬಾಡಿಗೆ ಕರಾರು, ಗ್ಯಾಸ್ ಬಿಲ್ ತಂದಿಟ್ಟುಕೊಂಡು, ಸ್ಥಳ ಬದಲಾವಣೆಯ ನಮೂನೆ 8ನ್ನು ಅಲ್ಲಿಯೇ ಕುಳಿತು ನಾಲ್ವರು ತುಂಬಿದರು. ಉಳಿದ ಇಬ್ಬರು ಮನೆ ಮಾಲೀಕರಿಂದ ಕರಾರಿನ ಪ್ರತಿ ತರಬೇಕು, ಶನಿವಾರ ತರುವುದಾಗಿ ಹೇಳಿದ್ದಾರೆ.